ಬಿದ್ದ ಹೊತ್ತನ್ನು ನೆನಪಿಟ್ಟ ಪ್ಲೇಟು

ಚೌಳಹಿರಿಯೂರಿನ ವನಜಾಕ್ಷಿ ಹದಿನೆಂಟು ವರ್ಷ ಎಕ್ಸ್‌ರೇ ತೆಗೆದವಳು. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ತೊಳೆದು ಬೆರಳು ಬಿಳಿಚಿಕೊಂಡ ಕಾಲವನ್ನೂ ಕಂಡವಳು. ಹಾಗಾಗಿ ಟ್ರಸ್ಟಿನವರು ಕ್ಷಯರೋಗ ತಪಾಸಣೆಯ ವ್ಯಾನಿಗೆ ಅವಳನ್ನು ಹಾಕಿ, ಕೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್ನನ್ನೂ ತಂತಿಯೇ ಇಲ್ಲದ ಪ್ಲೇಟನ್ನೂ ಕೊಟ್ಟಾಗ ಹಿರಿಹಿರಿ ಹಿಗ್ಗಿದಳು. ಹಾಸಿಗೆ ಹಿಡಿದ ಮುದುಕರ ಬೆನ್ನಡಿಗೆ ಪ್ಲೇಟು ಸರಿಸಿ, ದೂರ ನಿಂತು ಗುಂಡಿ ಒತ್ತಿದರೆ ಸಾಕು, ಎದೆಗೂಡಿನ ಚಿತ್ರ ಗಾಳಿಯಲ್ಲೇ ಬಂದು ಟ್ಯಾಬಿನಲ್ಲಿ ಮೂಡುತ್ತಿತ್ತು. ಆ ಪ್ಲೇಟನ್ನು ಹಳೆಯ ವಾಯಿಲ್ ಸೀರೆಯಲ್ಲಿ ಸುತ್ತಿ, ಕಡೂರಿನಿಂದ ತರೀಕೆರೆಯವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಹೋಗುತ್ತಿದ್ದಳು. ಹಸುಗೂಸಿಗೂ ಇಷ್ಟು ಉಪಚಾರ ಇಲ್ಲ ಕಣಕ್ಕಾ ಎಂದು ಡ್ರೈವರ್ ಕಾಂತರಾಜು ಕಿಚಾಯಿಸುತ್ತಿದ್ದ.

ಕಾಂತರಾಜು ಅವಳಿಗೆ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು. ಆರು ವರ್ಷ ಒಂದೇ ವ್ಯಾನು. ಅವನ ಹೆಂಡತಿಯ ಬಾಣಂತನಕ್ಕೆ ಇವಳೇ ರಜ ಹಾಕಿ ಹೋಗಿ ನೀರೆರೆದು ಬಂದಿದ್ದಳು. ಇವಳ ಗ್ಯಾಸ್ಟ್ರಿಕ್ ಕಾಟ ಬಲ್ಲ ಅವನು ಹೊತ್ತಿಗೆ ಸರಿಯಾಗಿ ಊಟಕ್ಕೆ ಎಬ್ಬಿಸುತ್ತಿದ್ದ.

ಅಜ್ಜಂಪುರದಾಚೆಯ ಹಳ್ಳಿಯೊಂದರಲ್ಲಿ ಕ್ಯಾಂಪು ನಡೆದ ದಿನವೂ ಹಾಗೇ ಆಯಿತು. ಅಲ್ಲಿನ ಆಶಾ ಕಾರ್ಯಕರ್ತೆ ಮಲ್ಲಿಕಾಂಬ ಮುದ್ದೆ, ಅವರೆಕಾಳು ಸಾರು ಮಾಡಿ ಕರೆದಿದ್ದಳು. ಪ್ಲೇಟು ಬಿಟ್ಟು ಹೋಗಲು ವನಜಾಕ್ಷಿಗೆ ಮನಸ್ಸಿಲ್ಲ. ನಾನಿಲ್ವಾ ಎಂದು ಕಾಂತರಾಜುವೇ ಅದನ್ನು ಇಸಿದುಕೊಂಡ. ಉಂಡು ಬಂದಾಗ ಪ್ಲೇಟು ಸೀರೆಯೊಳಗೆ ಅಚ್ಚುಕಟ್ಟಾಗಿ ಮಲಗಿತ್ತು. ಸಾರು ಚೆನ್ನಾಗಿತ್ತಾ ಅಕ್ಕ ಎಂದು ಅವನು ನಗುತ್ತಾ ಕೇಳಿದ.

ಮುಂದಿನ ಚಿತ್ರದಲ್ಲಿ ಎದೆಯ ನಡುವೆ ಉದ್ದಕ್ಕೆ ಬಿಳಿ ಗೆರೆ. ಬ್ಯಾಟರಿ ಬದಲಿಸಿದಳು, ಟ್ಯಾಬಿಗೆ ಮತ್ತೆ ಜೋಡಿಸಿದಳು, ಗೆರೆ ಜಪ್ಪಯ್ಯ ಅನ್ನಲಿಲ್ಲ. ದುಬಾರಿ ಪ್ಲೇಟು ಒಳಗೇ ಒಡೆದಿತ್ತು; ವಾರದೊಳಗೆ ವಿಚಾರಣೆ ಬಂತು. ವ್ಯಾನಿನಲ್ಲಿ ಅವಳನ್ನು ಇಟ್ಟುಕೊಳ್ಳುವುದೋ ಇಳಿಸುವುದೋ ಮೇಲ್ವಿಚಾರಕ ರಘುನಾಥರ ಕೈಯಲ್ಲಿತ್ತು. ಅವರು ಮೊದಲು ಕಾಂತರಾಜುವಿನ ಹೇಳಿಕೆ ಓದಿಸಿದರು. ಪ್ಲೇಟು ಇಡೀ ದಿನ ಮೇಡಂ ಕೈಯಲ್ಲೇ ಇತ್ತು, ನಾನು ಮುಟ್ಟಿಲ್ಲ ಎಂದಿತ್ತು. ಆರು ವರ್ಷದ ಅಕ್ಕ ಒಂದು ಹಾಳೆಯಲ್ಲಿ ಮೇಡಂ ಆಗಿಹೋಗಿದ್ದಳು.

ಆದರೂ ಅವಳು ಸೋಲಲಿಲ್ಲ. ಪ್ಲೇಟಿಗೆ ಪೆಟ್ಟು ಬಿದ್ದರೆ ಅದು ತನ್ನೊಳಗೇ ತಾರೀಖು, ಹೊತ್ತು ಬರೆದುಕೊಳ್ಳುತ್ತದೆಂದು ತರಬೇತಿಯಲ್ಲಿ ಕೇಳಿದ್ದಳು. ಹಟ ಹಿಡಿದು ಇಂಜಿನಿಯರನ್ನು ಕರೆಸಿದಳು. ಅವನು ತೆಗೆದು ತೋರಿಸಿದ: ಅದೇ ದಿನ, ಮಧ್ಯಾಹ್ನ ಒಂದು ಗಂಟೆ ನಲವತ್ತೆರಡು ನಿಮಿಷ. ಅವಳಿಗೆ ಹೋದ ಜೀವ ಬಂತು. ಆ ಹೊತ್ತಲ್ಲಿ ನಾನು ಊಟಕ್ಕೆ ಕೂತಿದ್ದೆ ಸಾರ್, ಕೇಳಿ ನೋಡಿ ಎಂದಳು. ಮಲ್ಲಿಕಾಂಬ ಫೋನಿನಲ್ಲಿ ಹೌದೆಂದಳು.

ರಘುನಾಥರು ಒಂದು ಫಾರಂ ಮುಂದಿಟ್ಟರು. ಟೆಕ್ನಿಷಿಯನ್ ಪ್ಲೇಟನ್ನು ಬೇರೆಯವರ ಕೈಗೆ ಕೊಡತಕ್ಕದ್ದಲ್ಲ ಎಂದಿತ್ತು. ಕೆಳಗೆ ಅವಳದೇ ಸಹಿ.

"ನೀವಿರ್ಲಿಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ," ಎಂದರು.

ಯಾರ ಕೈಯಿಂದ ಬಿತ್ತು ಅನ್ನುವುದಕ್ಕೆ ಪ್ಲೇಟಿನಲ್ಲಿ ಜಾಗವಿರಲಿಲ್ಲ. ನಿಜ ಹೊರಗೆ ಬರಲಿ ಎಂದು ಹಟ ಹಿಡಿದವಳು ಇವಳು, ಅದು ಬಂದು ಕಚ್ಚಿದ್ದೂ ಇವಳನ್ನೇ. ಸುಳ್ಳು ಬರೆದವನು ಸ್ಟೇರಿಂಗ್ ಹಿಡಿದುಕೊಂಡೇ ಉಳಿದ. ಅವಳನ್ನು ವ್ಯಾನಿನಿಂದ ಇಳಿಸಿ ತರೀಕೆರೆಯ ಆಫೀಸಿನಲ್ಲಿ ಚೀಟಿ ಬರೆಯಲು ಕೂರಿಸಿದರು.

ತಿಂಗಳಾದ ಮೇಲೆ ಕಾಂತರಾಜು ಬಂದ. ವ್ಯಾನಿನಲ್ಲೇ ಉಳಿದಿದ್ದ ಅವಳ ಊಟದ ಡಬ್ಬಿಯನ್ನು ತೊಳೆದು ತಂದಿದ್ದ. ಕೆಲಸ ಹೋಗ್ತದೆ ಅಂತ ಭಯ ಆಯ್ತು, ಕೈ ಜಾರಿ ಬಿತ್ತು ಕಣಕ್ಕಾ ಎಂದು ತಲೆ ತಗ್ಗಿಸಿದ. ವನಜಾಕ್ಷಿ ಡಬ್ಬಿ ಇಸಿದುಕೊಂಡಳು.

"ಬಿದ್ದಿದ್ದು ಬಿಡು, ಯಾರ ಕೈಲಾದ್ರೂ ಬೀಳ್ತದೆ. ಬೀಳ್ಸಿ, ಸೀರೇಲಿ ಸುತ್ತಿಟ್ಟು, ಸಾರು ಚೆನ್ನಾಗಿತ್ತಾ ಅಂತ ನಗ್‌ನಗ್ತಾ ಕೇಳ್ದ್ಯಲ್ಲ. ಅದುನ್ನ ಎಲ್ಲಿಡ್ಲಿ ಕಣೋ?"