ಮೀಟರು ನಿಲ್ಲುವವರೆಗೆ

ಬೆಳಗಿನ ಚಹಾಕ್ಕೆ ನೀರಿಡುವುದು ಈಗ ನನ್ನ ಪಾಲಿನ ಕೆಲಸ. ಹೆಂಡತಿ ಈ ಅಧಿಕಾರವನ್ನು ನನಗೆ ಬಿಟ್ಟುಕೊಟ್ಟು ಬಹಳ ದಿನವಾಗಿಲ್ಲ, ಆಗಲೇ ಪಶ್ಚಾತ್ತಾಪ ಪಡುತ್ತಿದ್ದಾಳೆ. ಏಕೆಂದರೆ ನಾನು ಪಾತ್ರೆಯ ಮುಂದೆ ನಿಂತುಬಿಡುತ್ತೇನೆ. ನೀವೂ ಒಮ್ಮೆ ನಿಂತು ನೋಡಿ. ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ತಳದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಹಬೆಯಲ್ಲ. ನೀರಿನಲ್ಲಿ ಸೇರಿಕೊಂಡಿದ್ದ ಗಾಳಿ, ಬಿಸಿ ತಾಕಿದೊಡನೆ ಮನೆ ಖಾಲಿ ಮಾಡುತ್ತದೆ. ಈ ಗಾಳಿಯನ್ನು ಓಡಿಸುವುದಕ್ಕೆಂದೇ ನಾನು ಒಂದು ಕಾಲದಲ್ಲಿ ಮುಂಬಯಿ ಕಡೆಯ ಡೊಂಬಿವಲಿಯಿಂದ ಐರೋಲಿಗೆ ದಿನವೂ ಹೋಗುತ್ತಿದ್ದೆ ಎಂದರೆ ನೀವು ನಗಬಹುದು.

ನಗುವವರಲ್ಲಿ ಚಿಕ್ಕಪ್ಪ ಮೊದಲಿಗರು. ಸ್ಟೇಷನ್ನಿನ ಹೊರಗೆ ಅವರ ಹೋಟೆಲು, ಹಿಂದುಗಡೆ ಒಂದು ಕೋಣೆ ಮತ್ತು ಅಡುಗೆಮನೆಯಷ್ಟರಲ್ಲೇ ನಮ್ಮೆಲ್ಲರ ಸಂಸಾರ. "ಅಲ್ಲ ಮಾರಾಯ, ನೀರು ಕುದಿಸ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಬಾಯ್ಲರ್ ಉಂಟಲ್ಲ!" ಎನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ತೊಂಬತ್ತರ ದಶಕ ಅದು. ಐರೋಲಿಯ ಆಚೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಂ.ಇ. ಓದುತ್ತಿದ್ದೆ. ನಮ್ಮ ಗುರುಗಳಿಗೆ ಒಂದು ಹುಚ್ಚು: ಮುಂದೊಂದು ದಿನ ಕಂಪ್ಯೂಟರುಗಳು ಎಷ್ಟು ಬಿಸಿಯಾಗುತ್ತವೆಂದರೆ, ಕೂದಲೆಳೆಯಂಥ ಕಾಲುವೆಗಳಲ್ಲಿ ನೀರು ಹರಿಸಿಯೇ ಅವನ್ನು ತಣಿಸಬೇಕಾಗುತ್ತದೆ ಎಂದು. ಹಾಗಾಗಿ ಇಂಜೆಕ್ಷನ್ ಸೂಜಿಯಂಥ ಒಂದು ಸ್ಟೀಲಿನ ಕೊಳವೆಯನ್ನು ಮೇಜಿನ ಮೇಲೆ ಬಿಗಿದು, ಅದನ್ನು ಇಬ್ಬರಿಗೆ ಹಂಚಿಕೊಟ್ಟಿದ್ದರು. ಅಷ್ಟು ಸಣ್ಣ ದಾರಿಯಲ್ಲಿ ನೀರನ್ನು ನೂಕಲು ಎಷ್ಟು ಒತ್ತಡ ಬೇಕೆಂದು ನೋಡುವುದು ನನ್ನ ಪಾಲು. ಆ ನೀರು ಕೊಳವೆಯ ಬಿಸಿಯನ್ನು ಎಷ್ಟು ಹೊತ್ತೊಯ್ಯುತ್ತದೆಂದು ನೋಡುವುದು ಸುವರ್ಣಾಳ ಪಾಲು.

ಸುವರ್ಣಾ ಬಿಜಾಪುರದ ಕಡೆಯವಳು, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಅಪ್ಪ ಭಿವಂಡಿಯಲ್ಲಿ ಪವರ್‌ಲೂಮ್ ನಡೆಸುವ ಕೆಲಸಗಾರ. ಮಗಳ ಕೆಲಸ ಅವರಿಗೆ ಅರ್ಥವೇ ಆಗುತ್ತಿರಲಿಲ್ಲವಂತೆ. "ಮೀಟರ್ ನಿಂತ್ರ ನಮ್ ಕೆಲಸ ಆದಂಗ ಅಂದ್ರ, ಅಪ್ಪಗ ಸಿಟ್ ಬರ್ತೈತಿ. ಮಗ್ಗ ನಿಂತ್ರ ಕೂಲಿ ಇಲ್ಲವ್ವಾ, ನಿಂದೆಂಥಾ ಕೆಲಸ ಅಂತಾನ," ಎಂದು ನಗುತ್ತಿದ್ದಳು.

ನಮ್ಮದು ನಿಜಕ್ಕೂ ನಿಲ್ಲುವುದನ್ನು ಕಾಯುವ ಕೆಲಸವೇ. ಹೀಟರನ್ನು ಒಂದಿಷ್ಟು ಏರಿಸಿದರೆ ಬಿಸಿ ತೋರಿಸುವ ಮೀಟರಿನ ಕೆಂಪು ಅಂಕಿಗಳು ಏರತೊಡಗುತ್ತವೆ. ಏರಿ, ಅತ್ತಿತ್ತ ತೂಗಾಡಿ, ಕೊನೆಗೆ ಅಲುಗದೆ ನಿಂತ ಮೇಲೆಯೇ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಗಾಳಿ ತಾಕಿದರೆ ಮತ್ತೆ ಮೊದಲಿನಿಂದ. ಮೇ ತಿಂಗಳ ಸೆಕೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಬೆವರುತ್ತ ಕೂತು, ಮಾತಾಡದೆ ಇನ್ನೇನು ಮಾಡಬೇಕು ಹೇಳಿ? ಸಣ್ಣ ಕೊಳವೆಯಲ್ಲಿ ನೀರು ಗೋಡೆಯಿಂದ ದೂರ ಇರಲಾರದು, ಹಾಗಾಗಿ ಬಿಸಿ ಬೇಗ ತಟ್ಟುತ್ತದೆ ಎಂದು ಗುರುಗಳು ಹೇಳಿದ್ದರು. ಒಂದೇ ಕೋಣೆಯ ಮನೆಯಲ್ಲಿ ಬೆಳೆದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುಳ್ಳೆಯ ಮಾತು ಬಿಟ್ಟೇಹೋಯಿತು. ಅಂಥ ಕೊಳವೆಯೊಳಗೆ ಒಂದೇ ಒಂದು ಗಾಳಿಗುಳ್ಳೆ ಸಿಕ್ಕಿಬಿದ್ದರೂ ಸಾಕು, ನೀರು ನಿಂತು ಕೊಳವೆ ಕಾಯತೊಡಗುತ್ತದೆ. ಅದಕ್ಕೇ ದಿನವೂ ನೀರನ್ನು ಸೋಸಿ, ಕುದಿಸಿ, ಗಾಳಿಯನ್ನೆಲ್ಲ ಹೊರಗಟ್ಟಿ, ಮುಚ್ಚಿಟ್ಟು ಆರಿಸುತ್ತಿದ್ದೆವು. ಆ ನೀರಿನಲ್ಲೇ ಒಂದೆರಡು ಲೋಟ ತೆಗೆದು ಚಹಾ ಮಾಡುವುದು ರೂಢಿಯಾಗಿತ್ತು. ಒಂದು ದಿನ ಮಾತಿನ ಭರದಲ್ಲಿ ಚಹಾದ ಮೇಲೆ ಚಹಾ ಕುಡಿದು, ಟ್ಯಾಂಕಿಗೆ ನಲ್ಲಿಯ ನೀರನ್ನೇ ಸುರಿದುಬಿಟ್ಟೆವು. ಸ್ವಲ್ಪ ಹೊತ್ತಿಗೆ ಅಂಕಿಗಳು ಹುಚ್ಚು ಹಿಡಿದಂತೆ ಏರಿದವು. ಹೀಟರು ಆರಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಮಾರಾಯ್ರ, ಪ್ರಯೋಗದ ನೀರ್ ನಾವಽ ಕುಡದ್ವಿ!" ಎಂದು ಅವಳು ನಾನು ಮಾತುಮಾತಿಗೆ ಅನ್ನುವ 'ಮಾರಾಯ್ರೆ'ಯನ್ನೇ ನನಗೆ ತಿರುಗಿಸಿ ನಕ್ಕಳು. ಗುರುಗಳಿಗೆ ಏನು ಹೇಳುವುದೆಂಬ ದಿಗಿಲಿನಲ್ಲೂ ನನಗೆ ಆ ನಗು ಮುಗಿಯಬಾರದು ಅನ್ನಿಸಿತು.

ನನ್ನ ಪಾಲಿನ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿದಿತ್ತು. ಆದರೂ ಹೋಗುತ್ತಿದ್ದೆ. ಸಹಾಯಕ್ಕೆ ಅಂತ ಹೇಳಿಕೊಂಡಿದ್ದೆ. ಯಾರೂ ನಂಬಿರಲಿಕ್ಕಿಲ್ಲ. ಅವಳಿಗೆ ಮದ್ರಾಸಿನಲ್ಲಿ ಮುಂದಿನ ಸಂಶೋಧನೆಗೆ ಸೀಟು ಸಿಕ್ಕಿತ್ತು. ಇಲ್ಲಿನ ಕೆಲಸ ಬೇಗ ಮುಗಿಸಿದರೆ ಮಾತ್ರ ಅದು ಉಳಿಯುವುದು. ಅವಳು ಹೋಗಲೇಬೇಕಾಗಿತ್ತು, ನನಗೆ ಅವಳು ಬೇಕಾಗಿದ್ದಳು. ಮೀಟರು ಬೇಗ ನಿಲ್ಲಲಿ ಎಂದು ಬಾಯಲ್ಲಿ ಹೇಳುತ್ತ, ನಿಲ್ಲದಿರಲಿ ಎಂದು ಒಳಗೊಳಗೇ ಹರಕೆ ಹೊರುತ್ತಿದ್ದೆ.

ಕೊನೆಯ ರೀಡಿಂಗಿನ ದಿನ ಬಂತು. ಅವಳು ಮೀಟರಿನ ಮುಂದೆ, ನಾನು ಪೆನ್ನು ಹಿಡಿದು ಪಕ್ಕದಲ್ಲಿ. ಮಧ್ಯಾಹ್ನದ ಊಟದ ಹೊತ್ತು ಕಳೆಯಿತು.

"ನಿಂತಿತಾ?" ಎಂದೆ.

"ಇಲ್ರಿ. ಇನ್ನೂ ಕುಣ್ಯಾಕತ್ತೈತಿ."

ನಾನು ಸುಮ್ಮನೆ ಕತ್ತು ಚಾಚಿ ನೋಡಿದೆ. ಅಂಕಿಗಳು ನಿಂತಿದ್ದವು. ಕೊನೆಯ ಅಂಕಿ ಕೂಡ ಅಲುಗುತ್ತಿರಲಿಲ್ಲ. ಅವಳನ್ನು ನೋಡಿದೆ. ರೆಪ್ಪೆ ಮಿಟುಕಿಸದೆ ಮೀಟರನ್ನೇ ನೋಡುತ್ತಿದ್ದಳು. ಪೆನ್ನಿಗೆ ಕ್ಯಾಪ್ ಹಾಕಿದೆ.

"ಹಾಗಾದ್ರೆ ಕಾಯುವ," ಎಂದೆ.

"ಕಾಯೋಣ್ರಿ."

ಆಮೇಲೆ ಏನೇನು ಮಾತಾಡಿದೆವೋ. ಭಿವಂಡಿಯ ಮಗ್ಗಗಳ ಸದ್ದಿಗೆ ಅವರಪ್ಪನ ಕಿವಿ ಮಂದವಾದದ್ದು, ನಮ್ಮ ಹೋಟೆಲಿನ ಗಿರಾಕಿಗಳು, ಮುಂಬ್ರಾದಲ್ಲಿ ರೈಲಿನಿಂದ ಕಾಣುವ ಸಮುದ್ರದ ಖಾಡಿಯ ಹಿನ್ನೀರು. ಹೇಳಬೇಕಾದದ್ದನ್ನು ಇಬ್ಬರೂ ಹೇಳಲಿಲ್ಲ. ವಾಚ್‌ಮನ್ ಬಂದು ಬಾಗಿಲು ತಟ್ಟಿ, "ಚಲಾ, ಬಂದ್ ಕರಾಯಚಂ ಆಹೆ," ಎಂದ; ಬಾಗಿಲು ಮುಚ್ಚುವ ಹೊತ್ತಾಗಿತ್ತು. ಅವಳು ಕಣ್ಣೊರೆಸಿಕೊಂಡಳು; ಬೆವರೇ ಇರಬಹುದು. "ನಿಂತೈತ್ರಿ. ಬರ್ಕೊಳ್ರಿ," ಎಂದು ಅಂಕಿ ಹೇಳಿದಳು. ನಾನು ಆಗಲೇ ನೋಡಿದ್ದ ಅಂಕಿಯೇ ಅದು.

ಸಂಜೆ ಠಾಣೆಯವರೆಗೆ ಬಸ್ಸು, ಅಲ್ಲಿಂದ ಕಲ್ಯಾಣದ ಸ್ಲೋ ಲೋಕಲ್ ರೈಲು. ಅವಳು ಲೇಡೀಸ್ ಡಬ್ಬಿಯಲ್ಲಿ, ನಾನು ಪಕ್ಕದ್ದರಲ್ಲಿ. ಡೊಂಬಿವಲಿಯಲ್ಲಿ ಇಳಿದು ಅವಳ ಕಿಟಕಿ ದಾಟುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆ. ಅವಳು ಕೈ ಎತ್ತಿದಳು. ಮತ್ತೆ ಅವಳನ್ನು ನೋಡಲಿಲ್ಲ.

ಇವತ್ತು ಬೆಳಿಗ್ಗೆ ಗುಳ್ಳೆ ನೋಡುತ್ತ ನಿಂತವನಿಗೆ ನೀರು ಕುದಿ ಬಂದದ್ದೂ ತಿಳಿಯಲಿಲ್ಲ. ಐರೋಲಿಯಲ್ಲೀಗ ಕಂಪ್ಯೂಟರುಗಳೇ ತುಂಬಿದ ಕಟ್ಟಡಗಳಿವೆ. ನಮ್ಮ ಕೊಳವೆಯ ಮೊಮ್ಮಕ್ಕಳು ಅವುಗಳೊಳಗೆ ಎಲ್ಲಾದರೂ ನೀರು ಹರಿಸುತ್ತಿರಬಹುದು. ಸುವರ್ಣಾಳ ವಿಷಯ ಹೆಂಡತಿಗೆ ಗೊತ್ತು, ಮದುವೆಯ ಹೊಸದರಲ್ಲೇ ಹೇಳಿದ್ದೇನೆ. ನಿಂತ ಮೀಟರಿನ ವಿಷಯ ಮಾತ್ರ ಹೇಳಿಲ್ಲ.

"ನೀರು ಕುದೀತಾ?" ಎಂದು ಅವಳು ಹೊರಗಿನಿಂದ ಕೇಳಿದಳು.

ಪಾತ್ರೆಯಲ್ಲಿ ನೀರು ಕೊತಕೊತ ಅನ್ನುತ್ತಿತ್ತು. "ಇನ್ನೂ ಇಲ್ಲ," ಎಂದೆ.

ನಮ್ಮದು ಸಣ್ಣ ಮನೆ. ಆ ಸದ್ದು ಅವಳಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. "ಇರಲಿ, ನಿಧಾನ ಆಗ್ಲಿ," ಎಂದಳು.