ಗುರುಸಿದ್ದವ್ವ ಮತ್ತು ನನ್ನ ಹದಿನಾಲ್ಕು ಷರತ್ತುಗಳು

ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಮಾತು ಹಬ್ಬಿದೆ: ನಿವೃತ್ತ ಭೂಮಾಪಕ ರಘೂತ್ತಮರಾಯನನ್ನು, ಅಂದರೆ ನನ್ನನ್ನು, ಎದುರುಮನೆಯ ನೇಕಾರ ಗುರುಸಿದ್ದವ್ವ ರೊಟ್ಟಿ ಬಡಿಯಲು ಕೂರಿಸಿದರು ಎಂದು. ಇದು ತಪ್ಪು ಮಾಹಿತಿ. ರೊಟ್ಟಿ ಬಡಿದವಳು ನನ್ನ ಮಾಳಿಗೆಯ ಬಾಡಿಗೆದಾರಳು ನಿಲ್ಮಿನಿ. ನಾನು ಚಟ್ನಿಗೆ ಶೇಂಗಾ ಕುಟ್ಟಿದೆ, ಅಷ್ಟೆ. ಸಂಗತಿ ಸರಿಯಾಗಿ ದಾಖಲಾಗಲೆಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಗುರುಸಿದ್ದವ್ವ ಹುಟ್ಟಿದ್ದು ಶಿಗ್ಲಿಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ಈ ಓಣಿಗೆ ಬಂದವರು. ಈಗ ಅರವತ್ತಮೂರು. ಗಂಡ ತೀರಿಕೊಂಡ ತಿಂಗಳಲ್ಲೇ ಆತನ ಕುಣಿಮಗ್ಗಕ್ಕೆ ತಾವೇ ಇಳಿದು ಕೂತರು. ಹರಿದ ಎಳೆಯನ್ನು ಕನ್ನಡಕವಿಲ್ಲದೆ ಬೆರಳಿನಿಂದಲೇ ಹುಡುಕಿ ಗಂಟು ಹಾಕುತ್ತಾರೆ. ಕಲಿಸುವಾಗ ಬಾಯಿ ಬಿಡುವುದಿಲ್ಲ. ಕಲಿಯುವವರ ಕೈ ಮೇಲೆ ತಮ್ಮ ಕೈ ಇಡುತ್ತಾರೆ.

ಆ ಕೈಯನ್ನು ಹುಡುಕಿಕೊಂಡು ಕಳೆದ ಜೂನ್‌ನಲ್ಲಿ ಶ್ರೀಲಂಕೆಯಿಂದ ಬಂದವಳು ನಿಲ್ಮಿನಿ, ಕೈಮಗ್ಗದ ವಿದ್ಯಾರ್ಥಿನಿ. ಏಳು ತಿಂಗಳ ಅಧ್ಯಯನ. ನನ್ನ ಮಾಳಿಗೆಯ ಕೋಣೆಯನ್ನು ಹದಿನಾಲ್ಕು ಷರತ್ತುಗಳ ಮೇಲೆ ಬಾಡಿಗೆಗೆ ಕೊಟ್ಟು, ಅವುಗಳನ್ನು ಬಾಗಿಲ ಹಿಂದೆ ಅಂಟಿಸಿದೆ. ನಾಲ್ಕನೆಯದು: ಬಾಡಿಗೆದಾರರು ಕೋಣೆಯಲ್ಲಾಗಲಿ, ಮಾಲೀಕರ ಅಡುಗೆಮನೆಯಲ್ಲಾಗಲಿ ಅಡುಗೆ ಮಾಡತಕ್ಕದ್ದಲ್ಲ. ಊಟಕ್ಕೆ ಖಾನಾವಳಿಯಿತ್ತು.

ಶ್ರಾವಣದಲ್ಲಿ ರೊಟ್ಟಿ ಹಬ್ಬ ಬಂತು. ಅಂದು ಓಣಿಯ ಮನೆಗಳು ರೊಟ್ಟಿ, ಪಲ್ಯ, ಚಟ್ನಿಗಳ ತಾಟುಗಳನ್ನು ಪರಸ್ಪರ ಹಂಚುತ್ತವೆ. ನಿಲ್ಮಿನಿಗೆ ಒಂಬತ್ತು ತಾಟು ಬಂದವು. ಎಲ್ಲವೂ ನನ್ನ ಪಡಸಾಲೆಯನ್ನು ದಾಟಿಯೇ ಮೇಲೆ ಹೋದವು. ಒಂದೂ ನನ್ನೆದುರು ನಿಲ್ಲಲಿಲ್ಲ.

ಹಬ್ಬ ಮುಗಿದ ಮೇಲೆ ಅವಳು ಕೆಳಗಿಳಿದು ಬಂದಳು. ಎರಡು ತಿಂಗಳಲ್ಲಿ ಗುರುಸಿದ್ದವ್ವನವರ ಮಾತು ಅವಳ ಬಾಯಿಗೆ ಹತ್ತಿತ್ತು.

“ಅಜ್ಜಾರ, ಎರಡ ತಾಸು ಒಲಿ ಕೊಡ್ರಿ. ತಾಟು ಖಾಲಿ ಹೆಂಗ ಕೊಡ್ಲಿ? ನಮ್ಮೂರಾಗೂ ಹಂಗ ಕೊಡೂದಿಲ್ರಿ.”

ನಾನು ನಾಲ್ಕನೆಯ ಷರತ್ತನ್ನು ಓದಿ ಹೇಳಿದೆ. ಸಂಜೆಯೊಳಗೆ ಅವಳ ಪೆಟ್ಟಿಗೆ ಮೆಟ್ಟಿಲ ಬುಡದಲ್ಲಿತ್ತು. ಒಯ್ಯಲು ಗುರುಸಿದ್ದವ್ವ ಬಂದಿದ್ದರು.

“ಹುಡುಗಿ ನಮ್ಮಲ್ಲೇ ಇರ್ತಾಳ್ರಿ ರಾಯರ. ಮಗ್ಗದ ಬಾಜೂಕ ಹಾಸಿಗಿ ಹಾಸ್ತೀನಿ.”

“ನಿಮ್ಮ ಮನಿ ಅಗಲ ಹನ್ನೊಂದು ಅಡಿ, ಉದ್ದ ಹದಿನೆಂಟು ಅದ. ಅದ್ರಾಗ ಅರ್ಧ ಮಗ್ಗಾನ ನುಂಗ್ಯದ. ಇರೋವ್ರು ನಾಲ್ಕು ಮಂದಿ.”

“ಅಳತಿ ಅಳ್ಯಾವ್ರಿಗೆ ಬೇಕ್ರಿ. ಮಲಗಾವ್ರಿಗೆ ಜಾಗ ಆಗತೈತಿ. ನಿಮಗ ತಾಟು ಯಾಕ ಬರೂದಿಲ್ಲ, ಗೊತ್ತೈತೇನು?”

ಗೊತ್ತಿತ್ತು. 2011ರಲ್ಲಿ, ಪತ್ನಿ ಜಾನಕೀಬಾಯಿ ತೀರಿಕೊಂಡ ನಂತರದ ಮೊದಲ ಹಬ್ಬಕ್ಕೆ, ಓಣಿಯವರು ನನಗೆ ಹನ್ನೆರಡು ತಾಟು ಕಳಿಸಿದ್ದರು. ಅವನ್ನು ತೊಳೆದು, ಪ್ರತಿಯೊಂದರಲ್ಲೂ ಒಂದು ಚೀಟಿಯಿಟ್ಟು ಹಿಂದಿರುಗಿಸಿದ್ದೆ: ‘ರೊಟ್ಟಿ ನಾಲ್ಕು, ಪಲ್ಯ ಎರಡು ಬಗೆ, ತಲುಪಿವೆ.’ ಕೆಳಗೆ ಸಹಿ, ದಿನಾಂಕ. ಅದನ್ನು ಶಿಷ್ಟಾಚಾರವೆಂದೇ ತಿಳಿದಿದ್ದೆ. ಖಾಸಿಂಸಾಬರ ಮನೆಯ ಚೀಟಿಯಲ್ಲಿ ಒಂದು ರೊಟ್ಟಿ ಮುರಿದಿತ್ತೆಂದೂ ನಮೂದಿಸಿದ್ದೆ.

“ಹನ್ನೆರಡು ಮನ್ಯಾಗ ವಾರಗಟ್ಟಲೆ ನಕ್ಕೀವ್ರಿ,” ಎಂದರು ಗುರುಸಿದ್ದವ್ವ. “ಆಮ್ಯಾಲ ಬ್ಯಾಸರಾತು, ಕಳಸೂದು ಬಿಟ್ವಿ. ಈ ಹುಡುಗಿಗೆ ಹಂಗ ಆಗಬಾರ್ದು. ಹೋಗೂತನಕ ಆಕಿ ಇದ ಓಣ್ಯಾಗ ಬಾಳೇ ಮಾಡಬೇಕು.”

ನಿಲ್ಮಿನಿ ಪೆಟ್ಟಿಗೆಯ ಹಿಡಿಕೆಯನ್ನು ಬಿಟ್ಟಿರಲಿಲ್ಲ. ನಾನು ಮಾಳಿಗೆ ಹತ್ತಿ, ನಾಲ್ಕನೆಯ ಷರತ್ತಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ ಇಳಿದು ಬಂದೆ. ಸಹಿ ಅನಗತ್ಯವಾಗಿತ್ತು, ಒಪ್ಪುತ್ತೇನೆ.

“ನಾಳೆ ನೋಡೂಣು,” ಎಂದು ಗುರುಸಿದ್ದವ್ವ ಹೊರಟರು. ಪೆಟ್ಟಿಗೆ ಇದ್ದಲ್ಲೇ ಉಳಿಯಿತು.

ಮರುದಿನ ನಿಲ್ಮಿನಿ ಮೂವತ್ತಾರು ರೊಟ್ಟಿ ಬಡಿದಳು. “ಅಜ್ಜಾರ, ಎಣಸಬ್ಯಾಡ್ರಿ, ಕುಟ್ರಿ,” ಎಂದು ನಡುವೆ ಎರಡು ಬಾರಿ ಎಚ್ಚರಿಸಿದಳು. ತಾಟುಗಳನ್ನು ನಾನೇ ಹೊತ್ತು ಮನೆಮನೆಗೆ ಹೋದೆ. ಖಾಸಿಂಸಾಬರ ಸೊಸೆ ಕೌಸರ್ ತಾಟಿನ ಮೇಲಿನ ಬಟ್ಟೆ ಸರಿಸಿ ನೋಡಿ, “ಚೀಟಿ ಇಲ್ಲೇನ್ರಿ ರಾಯರ?” ಎಂದಳು. ಉಳಿದ ತಾಟುಗಳನ್ನು ಹೊತ್ತು ಮುಂದಿನ ಮನೆಗೆ ನಡೆದೆ.

ಕೊನೆಯ ತಾಟು ಗುರುಸಿದ್ದವ್ವನವರದು. ಮಗ್ಗದಿಂದ ಏಳದೆಯೇ ಒಂದು ತುಂಡು ಮುರಿದು ಬಾಯಿಗಿಟ್ಟರು.

“ದಪ್ಪ ಆಗ್ಯಾವ,” ಎಂದರು. ಅಗಿದು ನುಂಗುವತನಕ ನಾನು ನಿಂತೇ ಇದ್ದೆ. “ಇರ್ಲಿ. ಹುಡುಗಿ ನಿಮ್ಮಲ್ಲೇ ಮಲಗ್ಲಿ. ಪೆಟಗಿ ಮ್ಯಾಲ ಒಯ್ದಿಡ್ರಿ.”

ಪೆಟ್ಟಿಗೆ ಇಪ್ಪತ್ತು ಕಿಲೋಗೆ ಕಡಿಮೆಯಿರಲಿಲ್ಲ, ನನಗೆ ಎಪ್ಪತ್ತಾರು. ಒಯ್ದಿಟ್ಟೆ.