ಖಾಲಿ ಡಿಸ್ಕಿನಲ್ಲಿ ಜಾಗವಿರಲಿಲ್ಲ

ವಿಚಿತ್ರ ಅನುಭವಗಳನ್ನು ಓದಿದಾಗೆಲ್ಲ, ಬರೆದವರಿಗೆ ಕಣ್ಣು ಮಂಜಾಗಿರಬೇಕು ಎಂದುಕೊಳ್ಳುತ್ತಿದ್ದೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೂ ಭೂತಪ್ರೇತ ಎಂದು ಹೆದರಿದವಳಲ್ಲ. ಈಗ ನಂಬುತ್ತೀಯಾ ಎಂದರೆ ಏನು ಹೇಳಬೇಕೋ ತಿಳಿಯದು.

ಎರಡು ಸಾವಿರದ ನಾಲ್ಕೈದರ ಸುಮಾರಿಗೆ ನನ್ನ ತಮ್ಮ ದಿನೇಶ ಸಿದ್ಧಕಟ್ಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ. ಮದುವೆಯನ್ನು ಟೇಪಿನಲ್ಲಿ ತೆಗೆದು, ಕಂಪ್ಯೂಟರಿಗೆ ಹಾಕಿ, ಅದೇ ಟೇಪನ್ನು ಮುಂದಿನ ಮದುವೆಗೆ ಬಳಸುವುದು ಆಗಿನ ರೂಢಿ. ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋದಂತೆ. ಅದಕ್ಕೇ ಅವನು ಒಳಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟು, ನಡುವೆ ವಯರ್ ಎಳೆದು, ಎಲ್ಲದರ ಇನ್ನೊಂದು ಪ್ರತಿ ಅಲ್ಲಿಗೆ ಹೋಗುವಂತೆ ಮಾಡಿದ್ದ. ಒಂದು ಮದುವೆಗೆ ಎಷ್ಟು ಜಾಗ ಬೇಕು, ವಯರಿನಲ್ಲಿ ಹೋಗಲು ಎಷ್ಟು ಹೊತ್ತು ಬೇಕು ಎಂದು ಸೀಸನ್ನಿನ ಮೊದಲೇ ಲೆಕ್ಕ ಹಾಕುತ್ತಿದ್ದ. ಗಿರಾಕಿಗೆ ಕೊಟ್ಟಾದ ಮದುವೆಗಳನ್ನು ಅಳಿಸಿ ಒಳಗಿನ ಡಿಸ್ಕಿನಲ್ಲಿ ಜಾಗ ಮಾಡುವುದಷ್ಟೇ ನನ್ನ ಕೆಲಸ.

ತೋಡಾರಿನ ಒಂದು ಮದುವೆಯ ವಿಡಿಯೋ ಅರ್ಧ ಹೋಗಿ ನಿಂತಿತು. ಡಿಸ್ಕ್ ತುಂಬಿತ್ತು. ಉದಾಸೀನದಿಂದ ನಾನು ಏನನ್ನೂ ಅಳಿಸಿರಲಿಲ್ಲ. ಅಷ್ಟರಲ್ಲಿ ಅಳದಂಗಡಿಯ ಮದುವೆಗೆ ಹೊರಟ ತಮ್ಮ ಬಾಗಿಲಲ್ಲೇ ಕೇಳಿದ.

“ಅಕ್ಕ, ಒಳಗೆ ಜಾಗ ಉಂಟಲ್ಲ? ತೋಡಾರಿನ ಟೇಪನ್ನೇ ತಕೊಂಡು ಹೋಗ್ತೇನೆ.”

“ಉಂಟು ಮಾರಾಯ, ಎಲ್ಲ ಹೋಗಿ ಆಯ್ತು. ನೀನೇನು ನನ್ನ ಮೇಷ್ಟ್ರಾ?”

ಅವನು ನಗುತ್ತ ಹೋದ. ಆಮೇಲೆ ಅಳಿಸಿ ಮತ್ತೆ ಕಳಿಸಿದರಾಯಿತು ಎಂದುಕೊಂಡೆ. ಮರೆತೆ.

ಕೆಲವೇ ದಿನಗಳಲ್ಲಿ ಹೊರಗಿನ ಕಂಪ್ಯೂಟರಿನ ಡಿಸ್ಕ್ ಸತ್ತಿತು. ಆ ವಾರವೇ ತೋಡಾರಿನ ಮದುಮಗಳ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವಳ ಅಣ್ಣ ಸ್ಟುಡಿಯೋಕ್ಕೆ ಬಂದ. “ನಮ್ಮ ತಂದೆ ನಗಾಡುವುದು ಅದರಲ್ಲಿ ಮಾತ್ರ ಉಂಟು ದಿನೇಶಣ್ಣ. ತಂಗಿ ದಿನಾ ಕೇಳ್ತಾಳೆ,” ಎಂದ. ಅರ್ಧ ಹೋದ ವಿಡಿಯೋ ತೆರೆಯಲೇ ಇಲ್ಲ. ತಮ್ಮ ತಲೆ ತಗ್ಗಿಸಿ ನಿಂತಿದ್ದ.

“ನೀನು ನೋಡಿದ್ದಲ್ವಾ ಅಕ್ಕ?”

“ನೋಡಿದ್ದೆ. ವಯರಿನದ್ದೇ ಏನೋ ದೋಷ.”

ಅವನು ನಂಬಿದ. ತಾನೇ ಎಳೆದ ವಯರನ್ನು ಅಂದೇ ಕಿತ್ತ. ಒಳಗಿನ ಡಿಸ್ಕನ್ನು, ಏನೇನಿದೆ ಎಂದೂ ನೋಡದೆ, ಪೂರ್ತಿ ಅಳಿಸಿ ಖಾಲಿ ಮಾಡಿದ.

ಮರುದಿನ ಸಂಜೆ ನಾನು ಅದಕ್ಕೊಂದು ನಾಮಕರಣದ ಫೋಟೋ ಹಾಕಲು ಕೂತೆ. ಜಾಗವಿಲ್ಲ ಎಂದು ಬಂತು. ತೆರೆದು ನೋಡಿದೆ, ಒಳಗೆ ಏನೂ ಇಲ್ಲ. ತಮ್ಮನನ್ನು ಕರೆದೆ. ಅವನು ಕೂತದ್ದೇ ತಡ, ಎಲ್ಲ ಫೋಟೋಗಳೂ ಹೋದವು. ಅವನೆದ್ದು ನಾನು ಕೂತರೆ ಮತ್ತೆ ಜಾಗವಿಲ್ಲ. ಮೂಡಬಿದಿರೆಯ ರಿಪೇರಿಯವನಿಗೂ ತೋರಿಸಿದೆ. “ಹೊಸದರ ಹಾಗೆ ಉಂಟು ಅಕ್ಕ, ಸುಮ್ಮನೆ ಬಂದಿರಿ,” ಎಂದ. ಮನೆಗೆ ತಂದು ಒಂದೇ ಒಂದು ಫೋಟೋ ಹಾಕಲು ನೋಡಿದೆ. ಆಗಲಿಲ್ಲ.

ಹೆಸರು ಕೆಟ್ಟು ಸ್ಟುಡಿಯೋ ಮುಚ್ಚಿತು. ತಮ್ಮ ಈಗ ಬೆಳ್ತಂಗಡಿಯಲ್ಲಿ ಬೇರೆಯವರ ಕ್ಯಾಮರಾ ಹಿಡಿಯುತ್ತಾನೆ. ಡಿಸ್ಕ್ ನನ್ನ ಬಳಿಯೇ ಇದೆ. ಅವನಿಗೆ ಮಗಳು ಹುಟ್ಟಿದಾಗ ಫೋನ್ ಮಾಡಿದ.

“ಅಕ್ಕ, ಆ ಹಳೇ ಡಿಸ್ಕಿನಲ್ಲಿ ಜಾಗ ಉಂಟಾ? ಮಗುವಿನ ಫೋಟೋ ಹಾಕಿಡುವ.”

“ಇಲ್ಲ, ತುಂಬಿದೆ,” ಎಂದೆ.

“ಖಾಲಿ ಇತ್ತಲ್ಲ? ಏನುಂಟು ಅದರಲ್ಲಿ?”